ಮೂರು ಬೆರಳಿನ ಅಳತೆ

ಭೂಮಿ ಹುಣ್ಣಿಮೆಯ ದಿನ ನಮ್ಮ ಕಡೆ ಬೆಳಗಿನ ಊಟ ತೋಟದಲ್ಲೇ. ಹೆಂಗಸರು ರಾತ್ರಿಯಿಡೀ ನಿದ್ದೆಗೆಟ್ಟು ಬೇಯಿಸಿದ್ದನ್ನು ಚಿತ್ತಾರ ಬರೆದ ಬುಟ್ಟಿಯಲ್ಲಿ ತುಂಬಿಕೊಂಡು, ಬೆಳಕು ಹರಿಯುವ ಮೊದಲೇ ಗದ್ದೆ ತೋಟ ಸುತ್ತಿ, ಬಸುರಿಗೆ ಬಯಕೆ ಬಡಿಸುವ ಹಾಗೆ ಭೂಮಿಗೆ ಬಡಿಸಿ, ಆಮೇಲೆ ಅಡಿಕೆ ಮರದ ಬುಡದಲ್ಲಿ ಬಾಳೆಲೆ ಹಾಸಿಕೊಂಡು ಉಣ್ಣುವುದು. ಎರಡು ವರ್ಷದ ಹಿಂದಿನ ಹುಣ್ಣಿಮೆಯಲ್ಲಿ ನನ್ನ ಎದುರಿಗೆ ಚಿಕ್ಕಪ್ಪ ಕೂತಿದ್ದರು. ಕೊಟ್ಟೆಕಡುಬನ್ನು ಉಗುರಗಲ ಮುರಿದು, ಚಟ್ನಿ ಸೋಕಿಸದೆ, ತೋರುಬೆರಳಿನಿಂದ ಬಾಯಿಯೊಳಗೆ ನೂಕಿಕೊಳ್ಳುತ್ತಿದ್ದರು. ಉಣ್ಣುವುದರಲ್ಲಿ ಮನೆಗೇ ಮುಂದಿದ್ದ ಮನುಷ್ಯ. ಎಲ್ಲರೂ ಕೈ ತೊಳೆದು ಬಂದರೂ ಅವರ ಎಲೆಯಲ್ಲಿ ಎರಡನೇ ಕಡುಬು ಹಾಗೇ ಇತ್ತು.

"ಹಲ್ಲು ನೋವಾ ಚಿಕ್ಕಪ್ಪ?" ಅಂತ ಕೇಳಿದೆ.

"ಎಂತ ಇಲ್ಲ ಕಣೆ. ಬಾಯಿ ಸ್ವಲ್ಪ ಬಿಗಿ. ಖಾರ ತಗುಲಿದ್ರೆ ಉರಿ, ಅಷ್ಟೆ."

ಇಪ್ಪತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಜೊತೆ ಕಳೆದವಳು ನಾನು. "ಆ ಅನ್ನಿ, ನೋಡುವ" ಅನ್ನುವುದು ಬಾಯಿಗೆ ತಾನಾಗೇ ಬಂತು. ಅವರು ಬಾಯಿ ತೆರೆದರು. ನನ್ನ ಒಂದು ಬೆರಳು ಹೋಗುವಷ್ಟು ತೆರೆಯಿತು. ಇನ್ನೂ ತೆಗೀರಿ ಅಂದೆ. "ಇಷ್ಟೇ ಬರೋದು" ಅಂದರು. ಮೊಬೈಲಿನ ಬೆಳಕು ಬಿಟ್ಟು ನೋಡಿದರೆ, ಕೆಂಪಗೆ ಒದ್ದೆಯಾಗಿ ಇರಬೇಕಾದ ಕೆನ್ನೆಯ ಒಳಭಾಗ ಸುಣ್ಣ ಬಳಿದ ಗೋಡೆಯಂತೆ ಬಿಳಚಿಕೊಂಡಿತ್ತು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದ್ದಕ್ಕೆ ಚಿಕ್ಕಮ್ಮನೇ ಉತ್ತರ ಕೊಟ್ಟರು: ನಾಲ್ಕು ವರ್ಷದಿಂದ ಅವರಿಗೆ ಅನ್ನ ಕಿವುಚಿ ಕೊಡುತ್ತಿದ್ದೇನೆ.

ಆ ನಾಲ್ಕು ವರ್ಷದಲ್ಲಿ ನಾನು ಆ ಮನೆಗೆ ಎಷ್ಟು ಸಲ ಹೋಗಿಲ್ಲ. ಅವರಿಗೆ ಬಿಪಿ ಇದೆ, ಪ್ರತಿ ತಿಂಗಳು ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದವರು, ಎದೆಗೆ ಸ್ಟೆತಸ್ಕೋಪ್ ಇಟ್ಟವರು, ಬೆರಳು ಚುಚ್ಚಿ ಸಕ್ಕರೆ ಅಳೆದವರು ಎಲ್ಲ ಇದ್ದಾರೆ. ಬಾಯಿ ತೆರೆಸಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಶಿವಮೊಗ್ಗದ ದಂತ ವೈದ್ಯೆ ತಮ್ಮ ಬಲಗೈಯ ಮೂರು ಬೆರಳನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸಿದರು. ಅವರವರ ಮೂರು ಬೆರಳು ಅವರವರ ಬಾಯಿಯಲ್ಲಿ ನೆಟ್ಟಗೆ ಹೋಗಬೇಕು, ಅದು ಸರಿಯಾದ ಬಾಯಿ. ಎರಡೇ ಹೋದರೆ ಎಚ್ಚರ ಆಗಬೇಕು. ಒಂದಕ್ಕೆ ಬಂದು ನಿಂತರೆ ತುಂಬಾ ತಡವಾಗಿದೆ ಅಂತ ಅರ್ಥ. ಕಾಯಿಲೆಯ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿರುವ ಅರೆಕೋಲಿನ್ ಮತ್ತು ಅದರ ಜೊತೆಗಾರ ವಸ್ತುಗಳು ಕೆನ್ನೆಯ ಒಳಪದರದ ಕೆಳಗಿನ ಜೀವಕೋಶಗಳನ್ನು ಬಿಡದೆ ಕೆಣಕುತ್ತವೆ. ಆ ಜೀವಕೋಶಗಳು ನಾರು ನೇಯುತ್ತಾ ಹೋಗುತ್ತವೆ. ಮೊದಲು ಖಾರ ತಡೆಯುವುದಿಲ್ಲ, ಆಮೇಲೆ ಬಿಗಿತ, ಆಮೇಲೆ ದವಡೆ ಕಟ್ಟುತ್ತದೆ. ಹೀಗೆ ಕಟ್ಟಿದ ನಾರು ತಾನಾಗಿ ಕರಗುವುದಿಲ್ಲ. ನೂರರಲ್ಲಿ ಕೆಲವರಿಗೆ ಅದೇ ಜಾಗ ಮುಂದೆ ಕ್ಯಾನ್ಸರಿಗೂ ತಿರುಗುತ್ತದೆ.

"ತಂಬಾಕು ಹಾಕ್ತಿರಲಿಲ್ಲ ಮೇಡಂ, ಬರೀ ಅಡಿಕೆ, ಆಮೇಲೆ ಪ್ಯಾಕೆಟ್ಟು" ಅಂದರು ಚಿಕ್ಕಪ್ಪ, ಅದರಿಂದ ತಪ್ಪು ಕಡಿಮೆಯಾಗುತ್ತದೆ ಎನ್ನುವ ಆಸೆಯಲ್ಲಿ. ಆಕೆ ಬೈಯಲಿಲ್ಲ. ಅಡಿಕೆಯೊಂದೇ ಸಾಕು ಯಜಮಾನ್ರೇ, ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು 2004ರಲ್ಲಿ. ತಂಬಾಕು ಇರುವುದು ಅದೇ ಗುಂಪಿನಲ್ಲಿ.

ನಾನು ಅಡಿಕೆ ಮನೆಯ ಮಗಳು. ನನ್ನ ಶಾಲೆಯ ಫೀಸು, ಟಿಸಿಎಚ್ (ಶಿಕ್ಷಕರ ತರಬೇತಿ) ಓದು, ಮದುವೆ ಎಲ್ಲವೂ ರಾಶಿ ಅಡಿಕೆಯ ದುಡ್ಡಿನಿಂದ ಆಗಿದ್ದು. ಸುಲಿತದ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಎಲೆ ತಬಕು ತಂದಿಡುವುದು ಮಕ್ಕಳಾದ ನಮ್ಮ ಕೆಲಸವಾಗಿತ್ತು. ಬೇಯಿಸಿದ ಅಡಿಕೆಯ ಚೊಗರು ವಾಸನೆ ಈಗಲೂ ನನಗೆ ತವರಿನ ವಾಸನೆಯೇ. ಚಿಕ್ಕಪ್ಪ ಹನ್ನೆರಡನೇ ವಯಸ್ಸಿಗೆ ಹಸಿ ಅಡಿಕೆ ಬಾಯಿಗೆ ಹಾಕಿಕೊಂಡಿದ್ದು ಅಂಥದ್ದೇ ಒಂದು ರಾತ್ರಿ, ನಿದ್ದೆ ಬರಬಾರದು ಅಂತ. ಅದು ಎಲೆ-ಅಡಿಕೆ-ಸುಣ್ಣವಾಗಿ ಬೆಳೆಯಿತು. ಪೇಟೆಗೆ ಹೋಗಿ ಬರುವುದು ಶುರುವಾದ ಮೇಲೆ ಅಂಗಡಿ ಮುಂದೆ ಮಾಲೆಯ ಹಾಗೆ ತೂಗುವ ಪ್ಯಾಕೆಟ್ಟುಗಳು ಬಂದವು. ಇಡೀ ದಿನ ಕೆನ್ನೆಯಲ್ಲಿ ಒಂದು ಚಿಟಿಕೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಬೇರೆ ಬೇರೆ ಮಾರತೊಡಗಿದರು. ಕೊಂಡವರು ಅಂಗೈಯಲ್ಲಿ ಬೆರೆಸಿಕೊಂಡರು. ನಮ್ಮ ತೋಟದಿಂದ ಮಂಡಿಗೆ ಹೋದ ಕೆಂಪಡಿಕೆ ಉತ್ತರದ ಊರುಗಳಲ್ಲಿ ಪುಡಿಯಾಗಿ, ಬಣ್ಣದ ಪೊಟ್ಟಣದಲ್ಲಿ ನಮ್ಮೂರಿಗೇ ವಾಪಸು ಬಂದು ಚಿಕ್ಕಪ್ಪನ ಕೆನ್ನೆ ಸೇರಿತು. ಆ ದಿನ ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಇದೇ. ಈ ಬರಹ ಶುರುವಾಗಿದ್ದೂ ಅಲ್ಲಿಂದಲೇ.

ಊರಿನ ಮನೆ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ, ನಮ್ಮ ಆಶಾ ಅಕ್ಕ, ಚಿಕ್ಕಪ್ಪನ ಮನೆಗೆ ಬಂದಿರಲಿಲ್ಲವೇ? ಬಂದಿದ್ದರು. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ನಮೂನೆ ತುಂಬಬೇಕು. ಸಕ್ಕರೆ, ಬಿಪಿ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳನ್ನು ಬೇಗ ಪತ್ತೆ ಹಚ್ಚುವ ಕಾರ್ಯಕ್ರಮದ್ದು ಅದು. ನಾನು ಅದನ್ನು ತರಿಸಿ ಓದಿದೆ. ಬಾಯಿ ತೆರೆಯಲು ಕಷ್ಟವಿದೆಯೇ? ಎರಡು ವಾರ ಕಳೆದರೂ ಮಾಯದ ಹುಣ್ಣಿದೆಯೇ? ಬಾಯಿಯಲ್ಲಿ ಗಂಟು, ಬಿಳಿ ಅಥವಾ ಕೆಂಪು ಮಚ್ಚೆ? ಧ್ವನಿ ಬದಲಾಗಿದೆಯೇ? ಎಲ್ಲವೂ ಸರಿಯಾದ ಪ್ರಶ್ನೆಗಳು. ನಮೂನೆ ಮಾಡಿದವರಿಗೆ ವಿಷಯ ಚೆನ್ನಾಗಿ ಗೊತ್ತಿದೆ. ಆದರೆ ಅವರು ಬಂದ ದಿನ ಚಿಕ್ಕಪ್ಪ ತೋಟದಲ್ಲಿದ್ದರು. ಚಿಕ್ಕಮ್ಮ ಒಲೆಯ ಮುಂದಿನಿಂದಲೇ "ಇಲ್ಲ, ಇಲ್ಲ, ಎಂತದೂ ಇಲ್ಲ" ಅಂದರು. ಗಂಡ ಊಟ ಮಾಡಲಾರ ಅಂತ ಹೊರಗಿನವರಿಗೆ ಹೇಳುವುದು ಮನೆಯ ಮರ್ಯಾದೆಯ ಪ್ರಶ್ನೆ. ಆಶಾ ಅಕ್ಕ ಇಲ್ಲ ಅಂತ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದರು. ಅವರಿಗೆ ಆ ದಿನ ಇನ್ನೂ ಹನ್ನೊಂದು ಮನೆ ಇದ್ದವು, ನಡುವೆ ಎರಡು ಸಂಕ ದಾಟಬೇಕಿತ್ತು. ಅವರದ್ದು ತಪ್ಪು ಅಂತ ನಾನು ಎಣಿಸುವುದಿಲ್ಲ. ಕೇಳುವುದನ್ನು ಅವರಿಗೆ ಕಲಿಸಿದ್ದರು. ನೋಡುವುದನ್ನು ಕಲಿಸಿ, ಕೈಗೊಂದು ಒಳ್ಳೆಯ ಟಾರ್ಚು ಕೊಟ್ಟಿರಲಿಲ್ಲ.

ನೋಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಕೇರಳದಲ್ಲೇ ಸಾಕ್ಷಿ ಇದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ಅಧ್ಯಯನದಲ್ಲಿ ತರಬೇತಿ ಪಡೆದ ಕಾರ್ಯಕರ್ತರು, ವೈದ್ಯರಲ್ಲದವರು, ಮನೆ ಮನೆಗೆ ಹೋಗಿ ಬೆಳಕು ಬಿಟ್ಟು ಬಾಯಿ ನೋಡಿದರು. ಹೀಗೆ ನೋಡಿದ ಊರುಗಳು, ನೋಡದ ಊರುಗಳು ಸೇರಿ ಸುಮಾರು 1.9 ಲಕ್ಷ ಜನ ಆ ಅಧ್ಯಯನದಲ್ಲಿದ್ದರು. 2005ರಲ್ಲಿ ಫಲಿತಾಂಶ ಬಂತು. ತಂಬಾಕು ಇಲ್ಲವೇ ಹೆಂಡದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೋಡಿದ ಊರುಗಳಲ್ಲಿ ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಅದಕ್ಕೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ನಮ್ಮ ದೇಶದ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಬಾಯಿಯದ್ದೇ ಮೊದಲ ಸ್ಥಾನದಲ್ಲಿರುವಾಗ, ನಮ್ಮ ಜಿಲ್ಲೆಯ ಮನೆ ಮನೆಗೆ ಹೋಗುವವರ ಕೈಯಲ್ಲಿ ಆ ಟಾರ್ಚು ಏಕಿಲ್ಲ?

ಮಲೆನಾಡಿನ ಮನೆಗಳು ದೂರ ದೂರ, ಮಳೆ ಜಾಸ್ತಿ, ಹೋಗಲಾಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಂಗನ ಕಾಯಿಲೆಗೆ ಬಂದರಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಜ್ವರಕ್ಕಾಗಿ ಇವತ್ತಿಗೂ ಆರೋಗ್ಯ ಸಿಬ್ಬಂದಿ ಒಂಟಿ ಮನೆಗಳಿಗೆ ಬರುತ್ತಾರೆ. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ, ಕಾಡಿಗೆ ಸೊಪ್ಪು ದರಗಿಗೆ ಹೋಗುವವರು ಯಾರು ಅಂತ ವಿಚಾರಿಸುತ್ತಾರೆ, ಎಲ್ಲಾದರೂ ಮಂಗ ಸತ್ತಿದ್ದರೆ ಹೇಳಿ ಅನ್ನುತ್ತಾರೆ. 2019ರಲ್ಲಿ ಅರಳಗೋಡಿನಲ್ಲಿ ಸಾಲು ಸಾವು ಕಂಡ ಮೇಲೆ ಆ ಓಡಾಟ ಇನ್ನೂ ಬಿಗಿಯಾಯಿತು. ಹೋಗುವ ಕಾಲು ನಮ್ಮ ಆರೋಗ್ಯ ಇಲಾಖೆಗೆ ಇದೆ. ಹಲ್ಲು, ಒಸಡು, ಕೆನ್ನೆಯೂ ಅದರ ಕೆಲಸ ಎಂದು ಇನ್ನೂ ಮನಸ್ಸಿಗೆ ಬಂದಿಲ್ಲ.

ಈಗ ಶಾಲೆಯ ಮಾತಿಗೆ ಬರುತ್ತೇನೆ, ನನಗೆ ಹೆಚ್ಚು ಗೊತ್ತಿರುವುದು ಅದೇ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಗಿದ್ದು 2013ರಲ್ಲಿ. ವೈದ್ಯರು, ನರ್ಸ್, ಫಾರ್ಮಸಿಸ್ಟ್ ಇರುವ ತಂಡ ಜೀಪಿನಲ್ಲಿ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ನಾನು ಮನಸಾರೆ ಹೇಳುತ್ತೇನೆ, ಇದು ಒಳ್ಳೆಯ ಕಾರ್ಯಕ್ರಮ. ನಮ್ಮ ಶಾಲೆಯ ಒಬ್ಬ ಹುಡುಗನ ಎದೆಯ ತೊಂದರೆ ಪತ್ತೆಯಾಗಿ ಪುಕ್ಕಟೆ ಆಪರೇಷನ್ ಆಗಿದ್ದು ಈ ಜೀಪಿನ ದಯದಿಂದಲೇ. ಅವನ ಹೆಸರಿಗೆ ಚೀಟಿ ಬರೆದರು, ಆ ಚೀಟಿ ಅವನನ್ನು ಆಪರೇಷನ್ ಟೇಬಲ್ಲಿನವರೆಗೂ ಕೊಂಡೊಯ್ದಿತು. ಅದೇ ದಿನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹಲ್ಲಿಗೂ ಚೀಟಿ ಬರೆದಿದ್ದರು. ಆ ಚೀಟಿಗಳು ಎಲ್ಲಿಗೂ ಹೋಗಲಿಲ್ಲ. ಕೆಲವು ಪಾಟೀಚೀಲದಲ್ಲಿ ಮಳೆಗೆ ನೆನೆದು ಮುದ್ದೆಯಾದವು.

ಅದರಲ್ಲಿ ಒಂದು ಚೀಟಿ ಮಾತ್ರ ನನ್ನ ಒತ್ತಾಯಕ್ಕೆ ಹೊರಟಿತು. ಮೂರನೇ ಕ್ಲಾಸಿನ ಹುಡುಗಿ. ಕೆಳದವಡೆಯ ಹಿಂದಿನ ಹಲ್ಲಿನಲ್ಲಿ ಕಡಲೆಕಾಳು ಕೂರುವಷ್ಟು ಗುಳಿ. ಅವಳ ಅಮ್ಮ "ಹಾಲು ಹಲ್ಲಲ್ವಾ ಮೇಡಂ, ಬಿದ್ದು ಹೊಸಾದು ಬರ್ತದೆ" ಅಂದಳು. ಅದು ಹಾಲು ಹಲ್ಲಲ್ಲ. ಆರನೇ ವರ್ಷದ ಸುಮಾರಿಗೆ, ಯಾವ ಹಾಲು ಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಹುಟ್ಟುವ ದವಡೆ ಹಲ್ಲು ಅದು. ಸಾಯುವವರೆಗೆ ಬಾಳಬೇಕಾದ ಹಲ್ಲು. ಬಿದ್ದ ಹಲ್ಲಿನ ಜಾಗಕ್ಕೆ ಬರುವುದಿಲ್ಲವಾದ್ದರಿಂದ ತಂದೆತಾಯಿಗೆ ಅದು ಬಂದಿದ್ದೇ ಗೊತ್ತಾಗುವುದಿಲ್ಲ. ನನಗೂ ನನ್ನ ಮಕ್ಕಳ ಬಾಯಿಯಲ್ಲಿ ಗೊತ್ತಾಗಿರಲಿಲ್ಲ. ಮೇಲ್ಭಾಗದಲ್ಲಿ ಆಳವಾದ ಗೆರೆಗಳಿರುವುದರಿಂದ ಸಿಹಿ ಕೂತು ಬೇಗ ಹುಳುಕಾಗುವುದೂ ಅದೇ.

ಅವಳಮ್ಮ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ತಾಲ್ಲೂಕಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. (ಯಾವ ತಾಲ್ಲೂಕು ಎಂಬುದು ಇಲ್ಲಿ ಬೇಡ.) ಅಲ್ಲಿ ದಂತ ವೈದ್ಯರ ಕೋಣೆ ಇದೆ, ಕುರ್ಚಿ ಇದೆ, ಗೋಡೆಯ ಮೇಲೆ ಹಲ್ಲುಜ್ಜುವ ಚಿತ್ರವೂ ಇದೆ. ಕುರ್ಚಿಯ ಕಂಪ್ರೆಸರ್ ಕೆಟ್ಟು ಏಳು ತಿಂಗಳಾಗಿತ್ತು. ಹಲ್ಲು ಕೊರೆದು ತುಂಬುವ ಹಾಗಿರಲಿಲ್ಲ. ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಎರಡನೇ ಸಲ ಹೋದಾಗ ವೈದ್ಯರು ತರಬೇತಿಗೆ ಹೋಗಿದ್ದರು. ಮೂರನೇ ಸಲದ ಹೊತ್ತಿಗೆ ಕೆನ್ನೆ ಊದಿತ್ತು. ಹಲ್ಲು ಕಿತ್ತರು. ಒಂಬತ್ತು ವರ್ಷದ ಮಗುವಿನ ಬಾಯಿಂದ ಅರವತ್ತು ವರ್ಷ ಬಾಳಬೇಕಿದ್ದ ಹಲ್ಲು ಹೋಯಿತು. ಕಿತ್ತಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮೂರು ದಿನದ ಕೂಲಿ, ಬಸ್ ಚಾರ್ಜು ಯಾವ ಲೆಕ್ಕಕ್ಕೂ ಸೇರಲಿಲ್ಲ.

ಆ ವೈದ್ಯರ ಮೇಲೂ ನನಗೆ ಸಿಟ್ಟಿಲ್ಲ. ಅವರ ಜೊತೆ ಮಾತಾಡಿದ್ದೇನೆ. ಕಂಪ್ರೆಸರ್ ರಿಪೇರಿಗೆ ಅವರು ಬರೆದ ಪತ್ರಗಳ ನಕಲು ತೋರಿಸಿದರು. "ಕಲಿತಿದ್ದೆಲ್ಲ ಮರೆತುಹೋಗ್ತಿದೆ ಮೇಡಂ, ಇಲ್ಲಿ ಬರೀ ಕೀಳೋದೇ ಆಯ್ತು" ಅಂದರು. ಆ ಮಾತು ಹೇಳುವಾಗ ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ಕಾಗದದ ಮೇಲೆ ಯೋಜನೆಗಳಿಗೇನೂ ಬರವಿಲ್ಲ. ಕೇಂದ್ರದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014ರದ್ದು. ಜಿಲ್ಲಾ ಆಸ್ಪತ್ರೆಯಿಂದ ಕೆಳಗಿನವರೆಗೆ ದಂತ ಘಟಕಗಳಿಗೆ ಕುರ್ಚಿ, ಸಾಮಗ್ರಿ, ಸಿಬ್ಬಂದಿ ಕೊಡುವುದು ಅದರ ಉದ್ದೇಶ. 2018ರಿಂದ ಉಪಕೇಂದ್ರಗಳನ್ನು ಮೇಲ್ದರ್ಜೆಗೇರಿಸಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಕರೆಯುತ್ತಿದ್ದಾರಲ್ಲ, ಅಲ್ಲಿ ಸಿಗಬೇಕಾದ 12 ಬಗೆಯ ಸೇವೆಗಳಲ್ಲಿ ಬಾಯಿ ಆರೋಗ್ಯವೂ ಒಂದು. ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ಮನೆ ಬಾಗಿಲಲ್ಲಿ ತಪಾಸಣೆ ಅದರ ಆಶಯ, ಬಾಯಿ ಕ್ಯಾನ್ಸರೂ ಅದರಲ್ಲಿ ಸೇರಿದೆ. ಇವೆಲ್ಲ ಬೇರೆ ಬೇರೆ ಕಡತಗಳಲ್ಲಿವೆ. ಚೀಟಿ ಬರೆದವರಿಗೆ ಕುರ್ಚಿ ಕೆಟ್ಟಿರುವುದು ಗೊತ್ತಿಲ್ಲ. ಕುರ್ಚಿಯ ಹತ್ತಿರ ಇರುವವರಿಗೆ ಎಷ್ಟು ಚೀಟಿ ಹೊರಟಿತ್ತೆಂದು ಗೊತ್ತಿಲ್ಲ. ದೇಶದಲ್ಲೇ ಅತಿ ಹೆಚ್ಚು ದಂತ ವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ವೈದ್ಯರ ಕೊರತೆ ಎನ್ನುವ ಮಾತೂ ಹಾಗಾಗಿ ನಿಲ್ಲುವುದಿಲ್ಲ. ಓದಿ ಬಂದವರು ಪೇಟೆಯಲ್ಲಿ ಒಂದರ ಪಕ್ಕ ಒಂದು ಕ್ಲಿನಿಕ್ ಇಟ್ಟುಕೊಂಡು ಕೂತಿದ್ದಾರೆ. ಹಳ್ಳಿಯ ಹುದ್ದೆಗಳು ಹೆಚ್ಚಲಿಲ್ಲ.

ದಂತ ಭಾಗ್ಯದ ಬಗ್ಗೆ ಹೇಳಲೇಬೇಕು, ಏಕೆಂದರೆ ಅದರಿಂದ ನಾನು ಒಂದು ಸಂತೋಷವನ್ನು ಕಣ್ಣಾರೆ ಕಂಡಿದ್ದೇನೆ. 2014ರಲ್ಲಿ ರಾಜ್ಯ ಸರ್ಕಾರ ತಂದ ಯೋಜನೆ. ಬಿಪಿಎಲ್ ಮನೆಗಳ ಅರವತ್ತು ದಾಟಿದವರಿಗೆ ಪುಕ್ಕಟೆ ಹಲ್ಲುಸೆಟ್ಟು. ಆಮೇಲೆ ವಯಸ್ಸಿನ ಮಿತಿ 45ಕ್ಕೆ ಇಳಿಸಿದರು. ಶರಾವತಿ ಹಿನ್ನೀರಿನಾಚೆ ಕರೂರು ಹೋಬಳಿಯಲ್ಲಿ ನಮ್ಮ ನೆಂಟರ ಪೈಕಿ ಒಬ್ಬ ದೊಡ್ಡಮ್ಮ ಇದ್ದಾರೆ. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದರು. ಊಟವೆಂದರೆ ಗಂಜಿ, ಇಲ್ಲವೇ ಸಾರಿನಲ್ಲಿ ನೆನೆಸಿದ ಅನ್ನ. ಹಲ್ಲುಸೆಟ್ಟೆಂದರೆ ಒಂದು ದಿನದ ಕೆಲಸವಲ್ಲ. ಒಂದು ದಿನ ಅಚ್ಚು, ಇನ್ನೊಂದು ದಿನ ದವಡೆ ಕೂಡುವ ಅಳತೆ, ಮತ್ತೊಂದು ದಿನ ಮೇಣದಲ್ಲಿ ಹಲ್ಲು ಕೂರಿಸಿ ನೋಡುವುದು, ಆಮೇಲೆ ಕೊಡುವುದು, ಕೊಟ್ಟ ಮೇಲೆ ಒತ್ತುವ ಕಡೆ ಉಜ್ಜಿಸಿಕೊಳ್ಳಲು ಹೋಗುವುದು. ಆಗ ಸಿಗಂದೂರು ಸೇತುವೆ ಆಗಿರಲಿಲ್ಲ. ಲಾಂಚು ಹಿಡಿದು ಅಂಬಾರಗೋಡ್ಲಿಗೆ ದಾಟಿ, ಸಾಗರಕ್ಕೆ ಬಂದು, ಅಲ್ಲಿಂದ ಶಿವಮೊಗ್ಗ. ಸಂಜೆ ಕೊನೆಯ ಲಾಂಚು ತಪ್ಪಿದರೆ ರಾತ್ರಿ ಯಾರದ್ದೋ ಮನೆ ಜಗಲಿ. ಮಗ ಐದು ಸಲ ಕರೆದುಕೊಂಡು ಹೋದ. ಹಲ್ಲು ಬಂದ ಮೇಲಿನ ಗೌರಿ ಹಬ್ಬಕ್ಕೆ ನಾನು ಹೋದಾಗ ದೊಡ್ಡಮ್ಮ ಒಳಗಿನಿಂದ ಚಕ್ಕುಲಿ ತಂದು ನನ್ನೆದುರೇ ಕಟುಂ ಅಂತ ಕಡಿದರು. ಆ ಸದ್ದು ಕೇಳಿಸಲಿ ಅಂತಲೇ ಕಡಿದಿದ್ದು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಹಲ್ಲಿಲ್ಲದ ಕಾಲದ ಅಭ್ಯಾಸ ಇನ್ನೂ ಹೋಗಿರಲಿಲ್ಲ.

2025ರ ಜುಲೈನಲ್ಲಿ ಸೇತುವೆಯಾಯಿತು. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗಿನಿಂದ ಕಾದಿದ್ದ ದಾರಿ ಅದು. ಈಗ ಆಚೆಯಿಂದ ರೋಗಿ ಈಚೆ ಬರುವುದು ಸುಲಭ. ಈಚೆಯಿಂದ ಒಂದು ದಂತ ಚಿಕಿತ್ಸೆಯ ವ್ಯಾನು ಆಚೆ ಹೋಗುವುದೂ ಅಷ್ಟೇ ಸುಲಭವಾಗಿದೆ ಅಲ್ಲವೇ? ಸಂತೆಯ ದಿನ ತುಮರಿಯಲ್ಲಿ ಬಂದು ನಿಲ್ಲಲಿ. ಸಂತೆಗೆ ಹೇಗೂ ಜನ ಬರುತ್ತಾರೆ, ಕೂಲಿ ಬಿಡಬೇಕಾಗಿಲ್ಲ. ಯಾವ ವಾರ ಬರುತ್ತದೆಂದು ಮೊದಲೇ ಹೇಳಿ, ಒಂದೇ ಒಂದು ಸಲವೂ ತಪ್ಪದೆ ನಡೆದರೆ ಜನ ತಾವಾಗೇ ನಂಬುತ್ತಾರೆ. ಶಿಬಿರ ಅಂತ ಶಾಮಿಯಾನ ಹಾಕಿ, ಭಾಷಣ ಮಾಡಿ, ಬ್ರಷ್ಷು ಹಂಚಿ ಫೋಟೋ ತೆಗೆಸಿಕೊಂಡು ಮತ್ತೆ ಮೂರು ವರ್ಷ ಈ ಕಡೆ ತಲೆ ಹಾಕದಿರುವುದನ್ನು ನಾನು ಸಾಕಷ್ಟು ಕಂಡಿದ್ದೇನೆ. ಅದರಿಂದ ಒಂದು ಗುಳಿಯೂ ತುಂಬಿಲ್ಲ.

ಕರೆಂಟಿಲ್ಲದೆಯೂ ಹಲ್ಲು ತುಂಬಬಹುದು ಎಂಬುದು ನನಗೆ ಇತ್ತೀಚಿನವರೆಗೆ ಗೊತ್ತಿರಲಿಲ್ಲ. 1980ರ ದಶಕದಲ್ಲಿ ಟಾಂಜಾನಿಯಾದ ಹಳ್ಳಿಗಳಿಗಾಗಿ ಬೆಳೆದ ವಿಧಾನ ಅದು. ಡ್ರಿಲ್ ಇಲ್ಲ, ಕಂಪ್ರೆಸರ್ ಇಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಸಲಕರಣೆಯಿಂದ ಮೆತ್ತಗಾದ ಹುಳುಕನ್ನು ಕೆರೆದು ತೆಗೆದು, ಗ್ಲಾಸ್ ಅಯಾನಮರ್ ಎಂಬ ಅಂಟು ಸಿಮೆಂಟನ್ನು ಬೆರಳಿನಿಂದ ಒತ್ತಿ ತುಂಬುತ್ತಾರೆ. ಶಾಲೆಯ ಬೆಂಚಿನ ಮೇಲೆ ಮಗುವನ್ನು ಮಲಗಿಸಿ ಮಾಡಬಹುದು. ಇನ್ನೊಂದು ದ್ರಾವಣವಿದೆ, ಸಿಲ್ವರ್ ಡೈಅಮೀನ್ ಫ್ಲೋರೈಡ್. ಹುಳುಕಿನ ಮೇಲೆ ಒಂದು ಹನಿ ಸವರಿದರೆ ಬಹಳಷ್ಟು ಹಲ್ಲುಗಳಲ್ಲಿ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಆ ಜಾಗ ಕಪ್ಪಾಗುತ್ತದೆ, ಅದನ್ನು ತಾಯಂದಿರಿಗೆ ಮೊದಲೇ ತಿಳಿಸಿ ಹೇಳಬೇಕು. ಈ ಎರಡನ್ನೂ, ಫ್ಲೋರೈಡ್ ಟೂತ್‌ಪೇಸ್ಟನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅಗತ್ಯ ಔಷಧಿ ಅಂದರೆ ಪ್ಯಾರಾಸಿಟಮಾಲ್ ಇದ್ದ ಹಾಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಸದಾ ಇರಬೇಕಾದ್ದು. ಮಕ್ಕಳನ್ನು ನೋಡಲು ಬರುವ ಆ ಜೀಪಿನಲ್ಲಿ ಒಬ್ಬ ದಂತ ವೈದ್ಯರಿಗೆ ಜಾಗ ಮಾಡಿ, ಈ ಎರಡು ಡಬ್ಬಿ ಇಟ್ಟು ಕಳಿಸಿದರೆ, ನಮ್ಮ ಶಾಲೆಯ ಹೆಚ್ಚಿನ ಚೀಟಿಗಳನ್ನು ಬರೆಯುವ ಅಗತ್ಯವೇ ಬರುವುದಿಲ್ಲ. ಅಲ್ಲೇ ಕೆಲಸ ಮುಗಿಯುತ್ತದೆ. ನನ್ನ ಹುಡುಗಿಯ ಹಲ್ಲು ಉಳಿಯುತ್ತಿತ್ತು.

ಇನ್ನು ಹಲ್ಲುಜ್ಜುವುದು. ನಮ್ಮ ಅಜ್ಜನ ಕಾಲದಲ್ಲಿ ಮಾವಿನೆಲೆ ಮಡಚಿ ಉಜ್ಜುತ್ತಿದ್ದರು, ಉಮಿಕರಿಗೆ ಉಪ್ಪು ಸೇರಿಸುತ್ತಿದ್ದರು. ಹಲ್ಲು ನೋವು ಬಂದರೆ ಗುಳ್ಳದ ಬೀಜದ ಹೊಗೆ ಹಾಕಿ ಹುಳ ಬೀಳಿಸುವುದಿತ್ತು. ಹಳೆಯದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ, ಆಗ ಸಕ್ಕರೆಯೂ ಇಷ್ಟಿರಲಿಲ್ಲ. ಈಗ ಐದು ರೂಪಾಯಿಯ ಬಿಸ್ಕತ್ತು, ಚಾಕಲೇಟು ಇಲ್ಲದ ಪೆಟ್ಟಿಗೆ ಅಂಗಡಿಯೇ ಇಲ್ಲ. ಶಾಲೆಯಲ್ಲಿ ನಾವೇ 2013ರಿಂದ ಕ್ಷೀರ ಭಾಗ್ಯದ ಹಾಲಿಗೆ ಸಕ್ಕರೆ ಹಾಕಿ ಕೊಡುತ್ತಿದ್ದೇವೆ. ಹಾಲು ಬೇಕೇ ಬೇಕು, ಆ ಹಾಲಿನಿಂದ ಮಕ್ಕಳ ಮೈ ತುಂಬಿದ್ದನ್ನು ಕಂಡವಳು ನಾನು. ಹಾಲು ಕೊಟ್ಟ ಮೇಲೆ ಬಾಯಿ ಮುಕ್ಕಳಿಸಲು ಎರಡು ನಿಮಿಷ ಕೊಡುವುದನ್ನು ಮಾತ್ರ ಯಾವ ಸುತ್ತೋಲೆಯೂ ನಮಗೆ ಹೇಳಿರಲಿಲ್ಲ. ಫಿಲಿಪ್ಪೀನ್ಸಿನ ಸರ್ಕಾರಿ ಶಾಲೆಗಳಲ್ಲಿ ಕೈ ತೊಳೆಯುವುದು, ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜುವುದು, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ ಈ ಮೂರನ್ನೂ ಒಂದೇ ಕಾರ್ಯಕ್ರಮದಲ್ಲಿ ಕಟ್ಟಿದ್ದಾರೆ, ನೋಡಿಕೊಳ್ಳುವವರು ಶಿಕ್ಷಕರೇ. ಜಂತುಹುಳದ ಮಾತ್ರೆಯನ್ನು ನಾವೂ ಕೊಡುತ್ತೇವೆ, ಬಿಸಿಯೂಟಕ್ಕೆ ಮುಂಚೆ ಕೈ ತೊಳೆಸುತ್ತೇವೆ. ಉಳಿದಿರುವುದು ಬ್ರಷ್ಷು ಒಂದೇ.

ಹೋದ ಜೂನಿನಲ್ಲಿ ನಮ್ಮ ಶಾಲೆಯಲ್ಲಿ ಶುರು ಮಾಡಿದೆವು. ಶಾಲೆಯ ಮೇಲುಸ್ತುವಾರಿ ಸಮಿತಿ, ಎಸ್‌ಡಿಎಂಸಿಯವರು, ಬ್ರಷ್ಷಿಗೆ ದುಡ್ಡು ಹೊಂದಿಸಿದರು. ಒಂದು ಹಲಗೆಗೆ ಸಾಲಾಗಿ ತೂತು ಕೊರೆಸಿ, ಪ್ರತಿ ತೂತಿನ ಕೆಳಗೆ ಮಗುವಿನ ಹೆಸರು ಬರೆದೆವು. ಬಟಾಣಿ ಕಾಳಿನಷ್ಟು ಪೇಸ್ಟು. ಉಜ್ಜಿದ ಮೇಲೆ ಉಗುಳಬೇಕು, ನೀರು ಹಾಕಿ ಪೂರಾ ತೊಳೆಯಬಾರದು, ಪೇಸ್ಟಿನ ಅಂಶ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಇರಲಿ. ಇದನ್ನು ಒಪ್ಪಿಸಲು ಮಕ್ಕಳಿಗಿಂತ ಅಡುಗೆಯವರಿಗೆ ಹೆಚ್ಚು ಹೊತ್ತು ಬೇಕಾಯಿತು. ಮಳೆಗಾಲದಲ್ಲಿ ಬ್ರಷ್ಷು ಒಣಗದೆ ಬೂಸಲು ಹಿಡಿಯಿತು, ಹಲಗೆಯನ್ನು ಅಡುಗೆ ಕೋಣೆಯ ಒಲೆಗೋಡೆಗೆ ತಗುಲಿ ಹಾಕಿದ ಮೇಲೆ ಸರಿಹೋಯಿತು. ಆ ಹುಡುಗಿಯೇ ಈಗ ಹಲಗೆಯ ಉಸ್ತುವಾರಿ. ಎಡಗಡೆ ಉಜ್ಜುವಾಗ ಬ್ರಷ್ಷನ್ನು ಆ ಖಾಲಿ ಜಾಗಕ್ಕೆ ತಂದು, ಒಂದು ಕ್ಷಣ ನಿಲ್ಲಿಸಿ, ದಾಟಿಸುತ್ತಾಳೆ.

ಇಂಥದ್ದನ್ನು ಒಬ್ಬ ಶಿಕ್ಷಕಿಯ ಹಟಕ್ಕೆ ಬಿಡಬಾರದು. ನಾನು ವರ್ಗವಾಗಿ ಹೋದರೆ ಹಲಗೆ ಅಟ್ಟ ಸೇರುತ್ತದೆ. ಬಿಸಿಯೂಟದ ಅಕ್ಕಿ ಬರುವ ಹಾಗೆ ಪೇಸ್ಟು, ಬ್ರಷ್ಷು ಸರ್ಕಾರದಿಂದ ಬರಬೇಕು. ಆಸ್ಪತ್ರೆಯ ಕುರ್ಚಿ ಕೊಳ್ಳುವಾಗಲೇ ಅದರ ರಿಪೇರಿಯ ಹಣವೂ ಮಂಜೂರಾಗಬೇಕು. ಎಷ್ಟು ಮಕ್ಕಳನ್ನು ನೋಡಿದಿರಿ ಎಂದು ಕೇಳುವ ವರದಿ, ಎಷ್ಟು ಹಲ್ಲು ಉಳಿಸಿದಿರಿ ಎಂದೂ ಕೇಳಬೇಕು.

ಅಡಿಕೆ ಬೆಳೆಯುವ ನಮ್ಮವರಿಗೂ ಒಂದು ಮಾತು. ಎಲೆಚುಕ್ಕಿ ರೋಗ ಬಂದಾಗ ನಾವು ವಿಜ್ಞಾನಿಗಳನ್ನು ಕರೆಸಿದೆವು, ಸಭೆ ಮಾಡಿದೆವು, ದರ ಬಿದ್ದಾಗ ರಸ್ತೆಗಿಳಿದೆವು. ಅಡಿಕೆ ಹಾನಿಕರ ಎಂದು ಯಾರಾದರೂ ಅಂದರೆ ಮೈ ಮೇಲೆ ಬಂದ ಹಾಗೆ ಎದ್ದು ನಿಲ್ಲುತ್ತೇವೆ. ಹೊಟ್ಟೆಪಾಡಿನ ಹೆದರಿಕೆ ಅದು, ನನ್ನೊಳಗೂ ಇದೆ. ಆದರೆ ಕೊನೆ ತೆಗೆಯುವವರು, ಸುಲಿಯುವವರು, ಮಂಡಿಯಲ್ಲಿ ಮೂಟೆ ಹೊರುವವರು, ಅವರ ಬಾಯಿಗೆ ನಾವು ಹೊಣೆಯಲ್ಲವೇ? ಸಹಕಾರ ಸಂಘದ ಸರ್ವಸದಸ್ಯರ ಸಭೆಗೆ ಊರಿಗೂರೇ ಬರುತ್ತದೆ. ಆ ದಿನ ಅಂಗಳದ ಮೂಲೆಯಲ್ಲಿ ಒಂದು ಟೇಬಲ್ ಹಾಕಿ, ಆರೋಗ್ಯ ಇಲಾಖೆಯವರನ್ನು ಕರೆಸಿ, ಬಂದವರ ಬಾಯಿಯನ್ನು ಮೂರು ಬೆರಳಿನಿಂದ ಅಳೆಯಲಿ. ಬೆಳೆಗಾರರೇ ಮುಂದೆ ನಿಂತು ಇದನ್ನು ಮಾಡಿದರೆ ಯಾರೂ ನಮ್ಮನ್ನು ಶತ್ರು ಅನ್ನುವುದಿಲ್ಲ. ನಾನು ನಮ್ಮ ಸಂಘಕ್ಕೆ ಅರ್ಜಿ ಕೊಟ್ಟಿದ್ದೇನೆ. ಅಧ್ಯಕ್ಷರು ಓದಿ, ಮಡಚಿ ಜೇಬಿಗಿಟ್ಟುಕೊಂಡರು. ಆಗಲ್ಲ ಅನ್ನಲಿಲ್ಲ.

ಚಿಕ್ಕಪ್ಪ ಎಲ್ಲವನ್ನೂ ಬಿಟ್ಟು ಎರಡು ವರ್ಷವಾಯಿತು. ದಿನಕ್ಕೆ ನಾಲ್ಕು ಸಲ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಬಾಯಿ ಹಿಗ್ಗಿಸುತ್ತಾರೆ. ಶುರುವಿನಲ್ಲಿ ಒಂಬತ್ತು ಕಡ್ಡಿ ಹೋಗುತ್ತಿತ್ತು, ಈಗ ಹದಿಮೂರು. ಮೂರು ಬೆರಳಿಗೆ ಬರುವುದಿಲ್ಲ, ವೈದ್ಯೆ ಅದನ್ನು ಮೊದಲೇ ಹೇಳಿದ್ದಾರೆ. ಆರು ತಿಂಗಳಿಗೊಮ್ಮೆ ಹೋಗಿ ಕೆನ್ನೆ ತೋರಿಸಿಕೊಂಡು ಬರಬೇಕು. ನಮ್ಮ ಊರಿನ ಆಶಾ ಅಕ್ಕ ಈಗ ಅವರ ಮನೆಗೆ ಬಂದರೆ "ತೋಟದಿಂದ ಕರೀರಿ, ಕಾಯ್ತೀನಿ" ಅನ್ನುತ್ತಾರೆ.

ಬರುವ ಬುಧವಾರ ಮಕ್ಕಳನ್ನು ನೋಡುವ ತಂಡ ನಮ್ಮ ಶಾಲೆಗೆ ಬರುತ್ತದೆ. ಹೋದ ವರ್ಷದ ಚೀಟಿಗಳ ಪಟ್ಟಿ ಮಾಡಿದ್ದೇನೆ. ಯಾರು ಹೋದರು, ಯಾರು ಹೋಗಲಿಲ್ಲ, ಹೋದವರಿಗೆ ಏನಾಯಿತು, ಎಷ್ಟು ಬಸ್ಸು ಬದಲಿಸಿದರು, ಎಲ್ಲ ಇದೆ. ಮೂರು ಪ್ರತಿ ತೆಗೆಸಿದ್ದೇನೆ, ತಂಡಕ್ಕೊಂದು, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೊಂದು, ಪಂಚಾಯಿತಿಗೊಂದು. ಆರನೇ ವರ್ಷದ ಹಲ್ಲು ಈಗಷ್ಟೇ ಹುಟ್ಟುತ್ತಿರುವ ಒಂದನೇ ಕ್ಲಾಸಿನ ಏಳು ಮಕ್ಕಳ ಹೆಸರನ್ನು ಪಟ್ಟಿಯ ಮೇಲ್ಗಡೆ ಬರೆದಿದ್ದೇನೆ. ಅವರದ್ದು ಇನ್ನೂ ಹಾಳಾಗಿಲ್ಲ.